ಸೂಪರ್‌ಹೀರೋ ‘ಸಾಕಪ್ಪಾ’ ಅಂದಾಗ: ಯಾವ ಕಥೆ, ಯಾವ ಕ್ರಮದಲ್ಲಿ, ಹೇಗೆ ಓದಬೇಕು

ಕಸದ ಡಬ್ಬಿಯಿಂದ ಹೊರಗೆ ಜೋತುಬಿದ್ದ ಸ್ಪೈಡರ್‌ಮ್ಯಾನ್‌ನ ಕೆಂಪು-ನೀಲಿ ಡ್ರೆಸ್. ಆಚೆ ಓಣಿಯಲ್ಲಿ ಮಳೆಗೆ ತಲೆ ತಗ್ಗಿಸಿಕೊಂಡು, ಬೆನ್ನು ತೋರಿಸಿ ನಡೆದುಹೋಗುತ್ತಿರುವ ಹುಡುಗ. ಈ ಚಿತ್ರವನ್ನು ಟೀ ಶರ್ಟ್ ಮೇಲೋ ಫೋನಿನಲ್ಲೋ ನೋಡಿ ‘ಇದು ಯಾವ ಕಥೆ? ಎಲ್ಲಿ ಸಿಗುತ್ತೆ? ಮೊದಲು ಏನು ಓದಬೇಕು?’ ಅಂತ ಕೇಳುವವರು ತುಂಬಾ ಜನ. ಪ್ರತಿಸಲ ತುಂಡು ತುಂಡಾಗಿ ಉತ್ತರ ಬರೆದು ಸಾಕಾಗಿದೆ. ಅದಕ್ಕೇ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಶುರು ಮಾಡುವ ಮೊದಲು ಒಂದು ಮಾತು. ಹೀರೋ ತನ್ನ ಕೆಲಸ ಬಿಟ್ಟುಬಿಡುವ ಇಂಥ ಕಥೆ ಕೈಗೆ ಬಂದ ಕೂಡಲೇ ‘ಇವನು ವಾಪಸ್ ಬರ್ತಾನಾ?’ ಅಂತ ಕಾಯಬೇಡಿ. ಬಂದೇ ಬರುತ್ತಾನೆ. ಮುಂದಿನ ತಿಂಗಳ ಸಂಚಿಕೆ ಅಚ್ಚಾಗಬೇಕಲ್ಲ! ನೋಡಬೇಕಾದ್ದು ಎರಡು ವಿಷಯ. ಅವನಿಗೆ ಬೇಕಾದ ಸಾಮಾನ್ಯ ಬದುಕು ನಿಜಕ್ಕೂ ಆಸೆ ಹುಟ್ಟಿಸುವ ಹಾಗಿದೆಯಾ? ಅವನು ಕೈಬಿಟ್ಟಿದ್ದಕ್ಕೆ ಬಿಲ್ ಯಾರ ಹೆಸರಿಗೆ ಬಂತು? ಈ ಎರಡನ್ನು ಕೈಯಲ್ಲಿ ಹಿಡಿದುಕೊಂಡರೆ ಒಳ್ಳೆ ಕಥೆ ಯಾವುದು, ಸುಮ್ನೆ ಅಳಿಸುವ ಕಥೆ ಯಾವುದು ಅಂತ ನಿಮಗೇ ಗೊತ್ತಾಗುತ್ತದೆ.

ಬೇಕಾಗುವ ಸಾಮಾನು

ಎರಡು ಸಿನಿಮಾ, ಎಂಟು ಹಳೇ ಕಾಮಿಕ್ಸ್ ಸಂಚಿಕೆ. ಅಷ್ಟೇ. ಎರಡು ವಾರಾಂತ್ಯ ಸಾಕು.

ಹಳೇ ಸಂಚಿಕೆ ಅಂದರೆ ಮೂಲ ಪ್ರತಿ ಅಲ್ಲ. ಅದು ಸಂಗ್ರಾಹಕರ ಹುಚ್ಚು, ಬೆಲೆ ಕೇಳಿದರೆ ತಲೆ ತಿರುಗುತ್ತದೆ. ನಮಗೆ ಬೇಕಾದ್ದು ಸಂಕಲನ, ಅಂದರೆ ಹಲವು ಸಂಚಿಕೆಗಳನ್ನು ಸೇರಿಸಿ ಹೊಲಿದ ಪುಸ್ತಕ. ಸ್ಪೈಡರ್‌ಮ್ಯಾನ್‌ಗೆ ‘ಮಾರ್ವೆಲ್ ಮಾಸ್ಟರ್‌ವರ್ಕ್ಸ್’ ಮಾಲೆ ಇದೆ. ಅದರ 2ನೇ ಸಂಪುಟದಲ್ಲಿ ‘ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್’ ಪತ್ರಿಕೆಯ 11ರಿಂದ 19, 5ನೇ ಸಂಪುಟದಲ್ಲಿ 41ರಿಂದ 50ನೇ ಸಂಚಿಕೆಗಳಿವೆ. ಪುಸ್ತಕ ದುಬಾರಿ ಅನಿಸಿದರೆ ಮಾರ್ವೆಲ್‌ನದೇ ಚಂದಾ ಆ್ಯಪ್ ‘ಮಾರ್ವೆಲ್ ಅನ್‌ಲಿಮಿಟೆಡ್’ ಇದೆ. ಒಂದು ತಿಂಗಳಿಗೆ ಹಣ ಕಟ್ಟಿ, ಓದಿ, ನಿಲ್ಲಿಸಿಬಿಡಿ. ಸೂಪರ್‌ಮ್ಯಾನ್‌ಗೆ ಒಂದೇ ಪುಸ್ತಕ ಸಾಕು: ‘ವಾಟೆವರ್ ಹ್ಯಾಪನ್ಡ್ ಟು ದ ಮ್ಯಾನ್ ಆಫ್ ಟುಮಾರೊ?’ದ ಡೀಲಕ್ಸ್ ಆವೃತ್ತಿ. ಕೊನೆಯ ಎರಡು ಹಂತಗಳ ಕಥೆಗಳು ಅದೊಂದರಲ್ಲೇ ಸಿಗುತ್ತವೆ.

ನಾಲ್ಕು ಪದ ತಿಳಿದಿರಲಿ. ‘ಪ್ಯಾನಲ್’ ಅಂದರೆ ಪುಟದೊಳಗಿನ ಒಂದು ಚಿತ್ರಚೌಕ. ‘ಕ್ಯಾಪ್ಷನ್’ ಅಂದರೆ ಆ ಚೌಕದ ಅಂಚಿನ ಡಬ್ಬಿಯಲ್ಲಿ ನಿರೂಪಕ ಹೇಳುವ ಮಾತು. ಪಾತ್ರದ ಬಾಯಿಂದ ಬರುವ ಮಾತಿನ ಗುಳ್ಳೆ ಬೇರೆ, ಇದು ಬೇರೆ. ‘ಆ್ಯನ್ಯುವಲ್’ ಅಂದರೆ ವರ್ಷಕ್ಕೊಮ್ಮೆ ಬರುವ ದಪ್ಪ ವಿಶೇಷಾಂಕ. ‘ಕಂಟಿನ್ಯೂಟಿ’ ಅಂದರೆ ಎಲ್ಲ ಸಂಚಿಕೆಗಳೂ ಒಂದೇ ಲೋಕದಲ್ಲಿ ನಡೆದಿವೆ ಅನ್ನುವ ಲೆಕ್ಕ. ಆ ಲೆಕ್ಕ ಮೇಲಿಂದ ಮೇಲೆ ತಪ್ಪುತ್ತದೆ, ತಲೆ ಕೆಡಿಸಿಕೊಳ್ಳಬೇಡಿ.

ಕೊಳ್ಳುವಾಗ ಎಚ್ಚರ: ಸಂಖ್ಯೆ ನಂಬಬೇಡಿ, ವರ್ಷ ನೋಡಿ. ‘ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್’ ಪತ್ರಿಕೆಯನ್ನು 1999ರಿಂದ ಈಚೆಗೆ ಎಷ್ಟೋ ಸಲ ಮತ್ತೆ 1ರಿಂದ ಎಣಿಸಲು ಶುರು ಮಾಡಿದ್ದಾರೆ. ಹಾಗಾಗಿ ‘50ನೇ ಸಂಚಿಕೆ’ ಒಂದಕ್ಕಿಂತ ಜಾಸ್ತಿ ಇವೆ. ಸಂಖ್ಯೆ ಮಾತ್ರ ನೋಡಿ ದುಡ್ಡು ಕೊಟ್ಟು, ಮನೆಗೆ ಬಂದ ಮೇಲೆ ಯಾವುದೋ ಬೇರೆ ಕಾಲದ ಕಥೆ ತೆರೆದು ಕೂತವನು ನಾನು. ಮುಖಪುಟದ ತಿಂಗಳೂ ನಿಜವಾದ ತಿಂಗಳಲ್ಲ. ಅಂಗಡಿಯಲ್ಲಿ ಜಾಸ್ತಿ ದಿನ ಹೊಸದಾಗಿ ಕಾಣಲಿ ಅಂತ ಒಂದೆರಡು ತಿಂಗಳು ಮುಂದಿನದನ್ನೇ ಅಚ್ಚು ಹಾಕುವ ರೂಢಿ ಇತ್ತು. ಕೆಳಗೆ ಕೊಟ್ಟಿರುವುದು ಮುಖಪುಟದ ತಿಂಗಳು.

ಹಂತ 1: ಮೊದಲ 11 ಪುಟ (1962)

‘ಅಮೇಜಿಂಗ್ ಫ್ಯಾಂಟಸಿ’ 15ನೇ ಸಂಚಿಕೆ, ಆಗಸ್ಟ್ 1962. ಬರೆದವರು ಸ್ಟ್ಯಾನ್ ಲೀ, ಚಿತ್ರ ಸ್ಟೀವ್ ಡಿಟ್ಕೊ. ಕಥೆ ನಿಮಗೆ ಗೊತ್ತಿದೆ: ಜೇಡ ಕಚ್ಚುತ್ತದೆ, ಪೀಟರ್ ಪಾರ್ಕರ್‌ಗೆ ಶಕ್ತಿ ಬರುತ್ತದೆ, ಓಡಿಹೋಗುವ ಕಳ್ಳನನ್ನು ಅವನು ‘ನನಗೇನು’ ಅಂತ ಬಿಟ್ಟುಬಿಡುತ್ತಾನೆ. ಅದೇ ಕಳ್ಳ ಬೆನ್‌ನನ್ನು ಕೊಲ್ಲುತ್ತಾನೆ. (ಇಂಗ್ಲಿಷಿನಲ್ಲಿ ಬರೀ ಅಂಕಲ್ ಬೆನ್, ಆಂಟ್ ಮೇ. ಬೆನ್ ಪೀಟರ್‌ನ ಅಪ್ಪನ ಅಣ್ಣ. ಹಾಗಾಗಿ ಇನ್ನು ಮುಂದೆ ದೊಡ್ಡಪ್ಪ, ದೊಡ್ಡಮ್ಮ ಅಂತಲೇ ಬರೆಯುತ್ತೇನೆ.)

ಇಲ್ಲಿ ಮಾಡಬೇಕಾದ್ದು ಒಂದೇ: ಕೊನೆಯ ಪ್ಯಾನಲ್ ನಿಧಾನವಾಗಿ ಓದಿ. ದೊಡ್ಡ ಶಕ್ತಿ, ದೊಡ್ಡ ಜವಾಬ್ದಾರಿ ಅನ್ನುವ ಆ ಹೆಸರಾದ ಮಾತು ಅಲ್ಲಿದೆ. ಅದನ್ನು ಹೇಳುವುದು ದೊಡ್ಡಪ್ಪ ಅಲ್ಲ, ಕ್ಯಾಪ್ಷನ್. ‘ಬೆನ್ ಸಾಯುವ ಮುಂಚೆ ಹೇಳಿದ ಮಾತು’ ಅಂತ ಎಲ್ಲರೂ ತಿಳಿದಿದ್ದಾರೆ. ಅದು ಆಮೇಲೆ ಸಿನಿಮಾಗಳಿಂದ ಗಟ್ಟಿಯಾದ ನಂಬಿಕೆ.

ಇದು ಕ್ವಿಜ್‌ಗೆ ಬೇಕಾದ ವಿವರ ಮಾತ್ರ ಅಂದುಕೊಳ್ಳಬೇಡಿ. ಹಿರಿಯರು ಸಾಯುವಾಗ ಮಾತು ತಗೊಂಡಿದ್ದರೆ ಅದು ಆಣೆ. ಆಣೆಯನ್ನು ಇನ್ನೊಬ್ಬ ಹಿರಿಯರು ಬಿಡಿಸಬಹುದು. ಇಲ್ಲಿ ಯಾರೂ ಮಾತು ತಗೊಂಡಿಲ್ಲ. ಹುಡುಗ ತಾನೇ ತನ್ನ ಮೇಲೆ ಹಾಕಿಕೊಂಡ ಹೊರೆ ಇದು. ಇಳಿಸು ಅಂತ ಹೇಳುವ ಹಕ್ಕು ಯಾರಿಗೂ ಇಲ್ಲ. ಮುಂದೆ ಅವನು ಪ್ರತಿಸಲ ‘ಬಿಡ್ತೀನಿ’ ಅಂದಾಗಲೂ ಈ ಗಂಟು ಬಿಚ್ಚದೆ ಇರುವುದು ಅದಕ್ಕೇ.

ಹಂತ 2: ಯಾರೂ ಹೇಳದ ಮೊದಲ ಸಲ (1964)

ನೇರವಾಗಿ ಕಸದ ಡಬ್ಬಿಗೆ ಹಾರುವುದು ಹೊಸಬರ ಸಾಮಾನ್ಯ ತಪ್ಪು. ಮೊದಲು ‘ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್’ ಪತ್ರಿಕೆಯ 17, 18, 19ನೇ ಸಂಚಿಕೆ ಓದಿ. 18 ಬಂದದ್ದು ನವೆಂಬರ್ 1964ರಲ್ಲಿ.

ಮೇ ದೊಡ್ಡಮ್ಮನಿಗೆ ಹೃದಯಾಘಾತ ಆಗುತ್ತದೆ. ಸುದ್ದಿ ಕಿವಿಗೆ ಬಿದ್ದ ಕೂಡಲೇ ಸ್ಪೈಡರ್‌ಮ್ಯಾನ್ ಜನರ ಕಣ್ಣೆದುರೇ ಜಗಳ ಬಿಟ್ಟು ಓಡುತ್ತಾನೆ. ಊರೆಲ್ಲ ‘ಹೇಡಿ’ ಅನ್ನುತ್ತದೆ. ತನಗೇನಾದರೂ ಆದರೆ ದೊಡ್ಡಮ್ಮನನ್ನು ನೋಡಿಕೊಳ್ಳುವವರು ಯಾರು ಅಂತ ಅವನು ಮುಂದೆಯೂ ಹೊಡೆದಾಟಕ್ಕೆ ಇಳಿಯುವುದಿಲ್ಲ. ಔಷಧಿಗೆ ದುಡ್ಡಿಲ್ಲ. ಆಗ ಏನು ಮಾಡುತ್ತಾನೆ ಗೊತ್ತಾ? ತನ್ನ ಬಲೆಯ ಅಂಟನ್ನು ಮಾರಲು ಒಂದು ಅಂಟು ಕಂಪನಿಗೆ ಹೋಗುತ್ತಾನೆ. ಅವರಿಗೆ ಇಷ್ಟವೂ ಆಗುತ್ತದೆ. ಆದರೆ ಅಂಟು ಸ್ವಲ್ಪ ಹೊತ್ತಿಗೆ ಕರಗಿ ಹೋಗುತ್ತದೆ ಅಂತ ಗೊತ್ತಾದಾಗ ಬೇಡ ಅನ್ನುತ್ತಾರೆ. ಲೋಕ ಕಾಯುವ ಅಂಟಿಗೆ ಮಾರ್ಕೆಟ್‌ನಲ್ಲಿ ಬೆಲೆ ಇಲ್ಲ!

ಕೊನೆಗೆ ಅವನನ್ನು ಎಬ್ಬಿಸುವುದು ಕಾಯಿಲೆಯಲ್ಲಿರುವ ದೊಡ್ಡಮ್ಮನೇ. ಗಟ್ಟಿ ಮನಸ್ಸು ಇರಬೇಕು, ನಾನು ಸುಲಭಕ್ಕೆ ಸೋಲುವವಳಲ್ಲ ಅನ್ನುವ ಅರ್ಥದಲ್ಲಿ ಅವಳು ಮಾತಾಡುತ್ತಾಳೆ. ಯಾರ ಸಲುವಾಗಿ ಅವನು ಬಿಟ್ಟನೋ ಅವಳೇ ಅವನನ್ನು ವಾಪಸ್ ಕಳಿಸುತ್ತಾಳೆ. ಇದನ್ನು ನೆನಪಿಟ್ಟುಕೊಳ್ಳಿ, 4ನೇ ಹಂತದಲ್ಲಿ ಬೇಕಾಗುತ್ತದೆ.

ಹಂತ 3: ಕಸದ ಡಬ್ಬಿ (1967)

‘ಸ್ಪೈಡರ್‌ಮ್ಯಾನ್ ನೋ ಮೋರ್!’, 50ನೇ ಸಂಚಿಕೆ, ಜುಲೈ 1967. ಬರಹ ಸ್ಟ್ಯಾನ್ ಲೀ, ಚಿತ್ರ ಜಾನ್ ರೊಮಿಟಾ. ಡಿಟ್ಕೊ ಬಿಟ್ಟುಹೋಗಿ ವರ್ಷ ಆಗಿದೆ. ಪೀಟರ್ ಈಗ ಕಾಲೇಜು ಹುಡುಗ, ಸ್ವಲ್ಪ ಸುಂದರ ಕೂಡ ಆಗಿದ್ದಾನೆ.

ಆ ಚಿತ್ರವನ್ನು ಟೀ ಶರ್ಟ್ ಮೇಲೆ ನೋಡಿದವರು ಏನೋ ದೊಡ್ಡ ದುರಂತ ಆಗಿರಬೇಕು ಅಂದುಕೊಳ್ಳುತ್ತಾರೆ. ಓದಿ ನೋಡಿ, ದುರಂತ ಏನೂ ಇಲ್ಲ. ದೊಡ್ಡಮ್ಮನಿಗೆ ಹುಷಾರಿಲ್ಲ, ಓದು ಹಿಂದೆ ಬಿದ್ದಿದೆ, ‘ಡೈಲಿ ಬ್ಯೂಗಲ್’ ಸಂಪಾದಕ ಜೇಮ್ಸನ್ ದಿನಾ ಪತ್ರಿಕೆಯಲ್ಲಿ ಬೈಯುತ್ತಾನೆ. ಒಂದೊಂದೂ ಸಣ್ಣದು. ಎಲ್ಲಾ ಸೇರಿ ಒಂದು ದಿನ ಹುಡುಗ ಕುಸಿಯುತ್ತಾನೆ. ಆಟಿಕೆ ಎತ್ತಿಟ್ಟು ದೊಡ್ಡವನಾಗುವ ಹೊತ್ತು ಬಂತು ಅಂತ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಾನೆ. ಗಮನಿಸಿ, ಅವನ ಶಕ್ತಿ ಎಲ್ಲೂ ಹೋಗಿಲ್ಲ. ಬೇಕು ಅಂತಲೇ ಬಿಟ್ಟಿದ್ದು.

ಡ್ರೆಸ್ ಏನಾಗುತ್ತದೆ ಅನ್ನುವುದನ್ನೂ ಹಿಂಬಾಲಿಸಿ. ಒಬ್ಬ ಹುಡುಗನಿಗೆ ಸಿಕ್ಕಿ, ಅವನು ಅದನ್ನು ಜೇಮ್ಸನ್‌ಗೆ ತಂದುಕೊಡುತ್ತಾನೆ. ಅತ್ತ ಊರಿನ ಕಳ್ಳರಿಗೆ ಹಬ್ಬ. ಕಿಂಗ್‌ಪಿನ್ ಅನ್ನುವ ದೈತ್ಯ ಖಳ ಮೊದಲ ಸಲ ಕಾಣಿಸಿಕೊಳ್ಳುವುದು ಇದೇ ಸಂಚಿಕೆಯಲ್ಲಿ. ಜಾಗ ಖಾಲಿ ಇದ್ದರೆ ಯಾರೋ ಬಂದು ಕೂರುತ್ತಾರೆ, ಅಲ್ವಾ?

ಪೀಟರ್ ವಾಪಸ್ ಬರುವುದು ಒಬ್ಬ ವಯಸ್ಸಾದ ರಾತ್ರಿ ಕಾವಲುಗಾರನಿಂದ. ಕಳ್ಳರ ಕೈಗೆ ಸಿಕ್ಕ ಅವನನ್ನು ಉಳಿಸಿದ ಮೇಲೆ ಮುಖ ನೋಡಿದರೆ ದೊಡ್ಡಪ್ಪನ ಹಾಗೇ ಕಾಣುತ್ತದೆ. ಇಲ್ಲಿ ಬಿಲ್ ಬರುವುದರೊಳಗೆ ಹೀರೋ ಎಚ್ಚೆತ್ತ. ನನ್ನ ಪ್ರಕಾರ ಈ ಕಥೆಯ ದುರ್ಬಲ ಜಾಗ ಇದೇ: ಬಿಟ್ಟಿದ್ದಕ್ಕೆ ಅವನು ಏನನ್ನೂ ಕಳೆದುಕೊಳ್ಳುವುದಿಲ್ಲ. ಚಿತ್ರ ದೊಡ್ಡದು, ಕಥೆ ಅದಕ್ಕಿಂತ ಸ್ವಲ್ಪ ಸಣ್ಣದು.

ಹಂತ 4: ‘ಸ್ಪೈಡರ್‌ಮ್ಯಾನ್ 2’ (2004)

ಇಲ್ಲಿ ಅವಸರ ಬೇಡ. ಸ್ಯಾಮ್ ರೈಮಿ ನಿರ್ದೇಶನ, ಪೀಟರ್ ಆಗಿ ಟೋಬಿ ಮಗ್ವೈರ್. 2007ರಲ್ಲಿ ‘2.1’ ಅಂತ 8 ನಿಮಿಷ ಜಾಸ್ತಿ ಇರುವ ಆವೃತ್ತಿ ಬಂತು. ಮೊದಲ ಸಲಕ್ಕೆ ಅದು ಬೇಡ, ಥಿಯೇಟರ್ ಆವೃತ್ತಿಯನ್ನೇ ನೋಡಿ.

ಮೂರು ಭಾಗ ಮಾಡಿಕೊಳ್ಳಿ.

ಮೊದಲ ಭಾಗದಲ್ಲಿ ಖಳನನ್ನು ಮರೆತು ದುಡ್ಡಿನ ಲೆಕ್ಕ ಇಡಿ. 29 ನಿಮಿಷದಲ್ಲಿ ತಲುಪಿಸಬೇಕಾದ ಪಿಜ್ಜಾ ತಡವಾಗಿ ಕೆಲಸ ಹೋಗುತ್ತದೆ. ಬಾಡಿಗೆ ಬಾಕಿ. ದೊಡ್ಡಮ್ಮನ ಮನೆಯ ಸಾಲ. ತಪ್ಪಿದ ಕ್ಲಾಸು, ತಪ್ಪಿದ ನಾಟಕ. ಡ್ರೆಸ್ ತೊಳೆದರೆ ಬಣ್ಣ ಬಿಟ್ಟು ಉಳಿದ ಬಟ್ಟೆಯೂ ಹಾಳು. ನಡುವೆ ಒಂದು ಲಿಫ್ಟ್ ದೃಶ್ಯ ಬರುತ್ತದೆ. ಬಲೆ ಕೈಕೊಟ್ಟ ಸ್ಪೈಡರ್‌ಮ್ಯಾನ್ ಯಾರೋ ಅಪರಿಚಿತನ ಪಕ್ಕ ನಿಂತು ಲಿಫ್ಟಿನಲ್ಲಿ ಇಳಿಯುತ್ತಾನೆ, ಈ ಡ್ರೆಸ್ ಕೆರೆತ ಕಣಪ್ಪಾ ಅನ್ನೋ ಥರ ಮಾತಾಡುತ್ತಾನೆ. ಜನ ನಗುತ್ತಾರೆ. ಆಕಾಶದಲ್ಲಿ ತೂಗುವವನು ಲಿಫ್ಟಿಗೆ ಕಾಯುತ್ತಾ ನಿಲ್ಲುವುದಕ್ಕಿಂತ ದೊಡ್ಡ ಸೋಲು ಇನ್ನೇನಿದೆ?

ಎರಡನೇ ಭಾಗ ಕಸದ ಡಬ್ಬಿಯಿಂದ ಶುರು. 1967ರ ಪುಟವನ್ನು ಪಕ್ಕದಲ್ಲಿ ಇಟ್ಟುಕೊಂಡು ಇಲ್ಲಿ ಒಮ್ಮೆ ನಿಲ್ಲಿಸಿ, ಎರಡನ್ನೂ ಹೋಲಿಸಿ. ಆಮೇಲೆ ಬರುವ ಹಾಡಿನ ಹೊತ್ತಿನಲ್ಲಿ ಪೀಟರ್ ನಗುತ್ತಾನೆ, ಕ್ಲಾಸಿನಲ್ಲಿ ಉತ್ತರ ಹೇಳುತ್ತಾನೆ, ಬೀದಿಯಲ್ಲಿ ತಿನ್ನುತ್ತಾ ನಡೆಯುತ್ತಾನೆ. ನಿಜಕ್ಕೂ ಖುಷಿಯಾಗಿದ್ದಾನೆ. ಸಿನಿಮಾ ಇಲ್ಲಿ ಮೋಸ ಮಾಡುವುದಿಲ್ಲ, ಸಾಮಾನ್ಯ ಬದುಕನ್ನು ಸಪ್ಪೆ ಮಾಡಿ ತೋರಿಸುವುದಿಲ್ಲ.

ಆಮೇಲೆ ಬಿಲ್ ಬರುತ್ತದೆ, ಎರಡು ಕಂತಿನಲ್ಲಿ. ಓಣಿಯಲ್ಲಿ ಒಬ್ಬನನ್ನು ಹೊಡೆಯುತ್ತಿರುವುದು ಕಂಡೂ ಪೀಟರ್ ಮುಖ ತಿರುಗಿಸಿ ಹೋಗುತ್ತಾನೆ. ಇನ್ನೊಂದು ದಿನ ಉರಿಯುವ ಕಟ್ಟಡಕ್ಕೆ, ಶಕ್ತಿ ಇಲ್ಲದೆಯೇ ನುಗ್ಗಿ ಮಗುವೊಂದನ್ನು ಎತ್ತಿಕೊಂಡು ಬರುತ್ತಾನೆ. ಮಗು ಉಳಿಯಿತು ಅಂತ ಉಸಿರು ಬಿಡುವಷ್ಟರಲ್ಲಿ ನಾಲ್ಕನೇ ಮಹಡಿಯಲ್ಲಿ ಇನ್ನೊಬ್ಬರು ಸಿಕ್ಕಿಹಾಕಿಕೊಂಡು ಸತ್ತರು ಅನ್ನುವ ಮಾತು ಅವನ ಕಿವಿಗೆ ಬೀಳುತ್ತದೆ. ಆ ವ್ಯಕ್ತಿಯ ಮುಖ ನಮಗೆ ತೋರಿಸುವುದೇ ಇಲ್ಲ. 1967ರ ಕಥೆ ತಪ್ಪಿಸಿಕೊಂಡ ಜಾಗದಲ್ಲಿ ಈ ಸಿನಿಮಾ ನಿಂತು ಹಣ ಕಟ್ಟುತ್ತದೆ.

ಅದಾದ ಮೇಲೆ ಒಂದು ಪುಟ್ಟ ದೃಶ್ಯ. ಬಾತ್‌ರೂಮಿಗೆ ಎದ್ದವರು ತಪ್ಪಿಸಿಕೊಳ್ಳುವಂಥದ್ದು. ಮನೆ ಮಾಲೀಕನ ಮಗಳು ಉರ್ಸುಲಾ ಬಾಗಿಲಲ್ಲಿ ನಿಂತು ಚಾಕೊಲೇಟ್ ಕೇಕ್ ತಿಂತೀಯಾ ಅಂತ ಕೇಳುತ್ತಾಳೆ. ಹ್ಞೂಂ ಅನ್ನುತ್ತಾನೆ. ಒಂದು ಲೋಟ ಹಾಲು? ಅದಕ್ಕೂ ಹ್ಞೂಂ. ಇಬ್ಬರೂ ಕೂತು ತಿನ್ನುತ್ತಾರೆ. ಅಷ್ಟೇ. ಪ್ರೀತಿ ಇಲ್ಲ, ಉಪದೇಶ ಇಲ್ಲ. ಅವನು ಬಿಟ್ಟುಕೊಡಬೇಕಾದ ಬದುಕು ಎಷ್ಟು ಸಣ್ಣದು ಅನ್ನುವುದು ಆ ತಟ್ಟೆಯಲ್ಲಿದೆ. ‘ಸೂಪರ್‌ಹೀರೋ ತ್ಯಾಗ’ ಅಂದರೆ ಕಟ್ಟಡದಿಂದ ಬೀಳುವುದು ಅಂದುಕೊಂಡವರಿಗೆ ನಾನು ಮೊದಲು ತೋರಿಸುವುದು ಈ ಕೇಕ್. (ಆ ಮಾಲೀಕನ ಹೆಸರು ಡಿಟ್ಕೊವಿಚ್. ಹೆಸರು ಎಲ್ಲಿಂದ ಬಂತು ಅಂತ 1ನೇ ಹಂತ ಓದಿದವರಿಗೆ ಗೊತ್ತಾಗುತ್ತದೆ.)

ಮೂರನೇ ಭಾಗದಲ್ಲಿ ದೊಡ್ಡಮ್ಮ ಮನೆ ಖಾಲಿ ಮಾಡುತ್ತಾ ಮಾತಾಡುತ್ತಾಳೆ. ಪಕ್ಕದ ಮನೆ ಹುಡುಗ ಹೆನ್ರಿಗೆ ಹೀರೋ ಬೇಕು, ಹೀರೋ ಆದವನು ಕೆಲವೊಮ್ಮೆ ತನಗೆ ತುಂಬಾ ಇಷ್ಟವಾದದ್ದನ್ನೇ ಬಿಡಬೇಕಾಗುತ್ತದೆ ಅನ್ನುವ ಮಾತು. ಪೀಟರ್‌ನೇ ಸ್ಪೈಡರ್‌ಮ್ಯಾನ್ ಅಂತ ಅವಳಿಗೆ ಗೊತ್ತಾ? ಸಿನಿಮಾ ಹೇಳುವುದಿಲ್ಲ. 1964ರ ದೊಡ್ಡಮ್ಮನನ್ನು ಈಗ ನೆನಪಿಸಿಕೊಳ್ಳಿ. ಆಗ ಅವಳಿಗೆ ಏನೂ ಗೊತ್ತಿರಲಿಲ್ಲ. ಈಗ ರೋಸ್‌ಮರಿ ಹ್ಯಾರಿಸ್ ಅವರ ಕಣ್ಣು ನೋಡಿ, ನೀವೇ ತೀರ್ಮಾನಿಸಿ.

ಎಚ್ಚರ: ಅವನ ಶಕ್ತಿ ಯಾಕೆ ಹೋಯಿತು ಅಂತ ವೈಜ್ಞಾನಿಕ ಕಾರಣ ಹುಡುಕಬೇಡಿ. ಮನಸ್ಸು ಒಲ್ಲೆ ಅಂದಾಗ ಕೈಯೂ ಒಲ್ಲೆ ಅನ್ನುತ್ತದೆ, ಅಷ್ಟೇ.

ಹಂತ 5: ‘ಸೂಪರ್‌ಮ್ಯಾನ್ 2’, ಆದರೆ ಯಾವುದು?

ಎರಡು ಇವೆ. ರಿಚರ್ಡ್ ಡಾನರ್ ಶುರು ಮಾಡಿದ ಚಿತ್ರವನ್ನು ರಿಚರ್ಡ್ ಲೆಸ್ಟರ್ ಮುಗಿಸಿದರು, ಅದು 1980ರದ್ದು. ಡಾನರ್ ಚಿತ್ರೀಕರಿಸಿದ್ದನ್ನು ಜೋಡಿಸಿ 2006ರಲ್ಲಿ ಇನ್ನೊಂದು ಆವೃತ್ತಿ ಬಂತು. ಮೊದಲು 1980ರದ್ದನ್ನು ನೋಡಿ.

ತಾನು ಪ್ರೀತಿಸುವ ಲೋಯಿಸ್ ಜತೆ ಬದುಕಲು ಸೂಪರ್‌ಮ್ಯಾನ್ (ಸಾಮಾನ್ಯ ಬದುಕಿನಲ್ಲಿ ಅವನ ಹೆಸರು ಕ್ಲಾರ್ಕ್) ತನ್ನ ಶಕ್ತಿ ಕಳೆದುಕೊಳ್ಳುತ್ತಾನೆ. ಯಾಕೆ ಕಳೆದುಕೊಳ್ಳಬೇಕು? ಸರಿಯಾದ ಕಾರಣ ಇಲ್ಲ. ಹೆತ್ತವರ ನೆರಳು ಹೇಳುತ್ತದೆ, ಇವನು ಒಪ್ಪುತ್ತಾನೆ. (1980ರಲ್ಲಿ ಹೇಳುವುದು ಅಮ್ಮ, 2006ರಲ್ಲಿ ಅಪ್ಪ.) ಆದರೂ ಮುಂದಿನ ದೃಶ್ಯಕ್ಕಾಗಿ ಇದನ್ನು ಕ್ಷಮಿಸಬಹುದು. ರಸ್ತೆ ಬದಿಯ ಹೋಟೆಲಿನಲ್ಲಿ ಒಬ್ಬ ಲಾರಿ ಡ್ರೈವರ್ ಹೊಡೆದಾಗ ಕ್ಲಾರ್ಕ್ ತನ್ನದೇ ರಕ್ತ ನೋಡಿ ಬೆರಗಾಗುತ್ತಾನೆ. ಜೀವನದಲ್ಲಿ ಮೊದಲ ಸಲ ನೋವು. ಕ್ರಿಸ್ಟೋಫರ್ ರೀವ್ ಆ ಮುಖವನ್ನು ಎಷ್ಟು ಚೆನ್ನಾಗಿ ಮಾಡಿದ್ದಾರೆ ನೋಡಿ.

ಇನ್ನು ಬಿಲ್. 1980ರ ಆವೃತ್ತಿಯಲ್ಲಿ ಒಂದು ಮುತ್ತು ಕೊಟ್ಟು ಲೋಯಿಸ್‌ಳ ನೆನಪು ಅಳಿಸುತ್ತಾನೆ. 2006ರದ್ದರಲ್ಲಿ ಕಾಲವನ್ನೇ ಹಿಂದಕ್ಕೆ ತಿರುಗಿಸುತ್ತಾನೆ. ಎರಡರಲ್ಲೂ ಹಣ ಕಟ್ಟುವವಳು ಅವಳೇ, ಅದೂ ಅವಳನ್ನು ಒಂದು ಮಾತು ಕೇಳದೆ. ಹೀರೋನ ತ್ಯಾಗ ಅಂತ ಚಪ್ಪಾಳೆ ತಟ್ಟುವ ಮುಂಚೆ ಇದನ್ನು ಒಂದು ಸಲ ಯೋಚಿಸಿ. ಕೊನೆಗೆ ಅದೇ ಹೋಟೆಲಿಗೆ ವಾಪಸ್ ಹೋಗಿ ಡ್ರೈವರ್‌ಗೆ ಬುದ್ಧಿ ಕಲಿಸುವ ದೃಶ್ಯ ನನಗಂತೂ ಅಸಹ್ಯ. ಕಾಲ ಹಿಂದಕ್ಕೆ ಹೋದ ಆವೃತ್ತಿಯಲ್ಲೂ ಅದನ್ನು ಉಳಿಸಿಕೊಂಡಿದ್ದಾರೆ. ಆ ಲೆಕ್ಕದಲ್ಲಿ ಪಾಪ ಡ್ರೈವರ್ ಇನ್ನೂ ಯಾರಿಗೂ ಹೊಡೆದೇ ಇಲ್ಲ!

ಹಂತ 6: ಕನಸಿನ ಸಂಸಾರ (1985)

‘ಸೂಪರ್‌ಮ್ಯಾನ್ ಆ್ಯನ್ಯುವಲ್’ 11, 1985. ಅಲನ್ ಮೂರ್ ಬರಹ, ಡೇವ್ ಗಿಬನ್ಸ್ ಚಿತ್ರ, 40 ಪುಟ. ಇಡೀ ಪಟ್ಟಿಯಲ್ಲಿ ಒಂದೇ ಒಂದು ಓದುತ್ತೀರಾ ಅಂದರೆ ಇದನ್ನೇ ಓದಿ.

ಸೂಪರ್‌ಮ್ಯಾನ್ ಹುಟ್ಟುಹಬ್ಬದ ದಿನ ಖಳ ಮಾಂಗಲ್ ಒಂದು ಗಿಡ ಕಳಿಸುತ್ತಾನೆ. ಅದು ಎದೆಗೆ ಅಂಟಿಕೊಂಡು, ಒಳಗಿನ ದೊಡ್ಡ ಆಸೆಯನ್ನು ಕನಸಾಗಿ ತೋರಿಸುತ್ತಾ ಜೀವ ಹೀರುತ್ತದೆ. ಕನಸಿನಲ್ಲಿ ಅವನು ಹುಟ್ಟಿದ ಕ್ರಿಪ್ಟಾನ್ ಗ್ರಹ ಸಿಡಿದೇ ಇಲ್ಲ. ಅವನಿಗೆ ಹೆಂಡತಿ, ವ್ಯಾನ್ ಅನ್ನುವ ಮಗ, ಓರ್ನಾ ಅನ್ನುವ ಮಗಳು. ದಿನದ ಕೆಲಸ ಮುಗಿಸಿ ಮನೆಗೆ ಬರುವ ಗೃಹಸ್ಥ.

ಓದುವಾಗ ಒಂದು ಪೆನ್ಸಿಲ್ ಇರಲಿ. ಕನಸು ಎಲ್ಲೆಲ್ಲಿ ಹುಳಿಯಾಗುತ್ತದೆ ಅಂತ ಗುರುತು ಹಾಕಿ. ಗ್ರಹ ಸಿಡಿಯುತ್ತದೆ ಅಂದಿದ್ದ ಅಪ್ಪನ ಮಾತು ಸುಳ್ಳಾಗಿದೆ, ಅವನು ಮರ್ಯಾದೆ ಕಳೆದುಕೊಂಡು ಸಿಡುಕನಾಗಿದ್ದಾನೆ. ಬೀದಿಯಲ್ಲಿ ಗಲಾಟೆ. ಆಸೆಯ ಲೋಕ ಯಾಕೆ ಕೆಡುತ್ತದೆ? ಹೊರಗೆ ಬ್ಯಾಟ್‌ಮ್ಯಾನ್ ಗಿಡ ಕೀಳುತ್ತಿದ್ದಾನೆ, ಅದು ಒಂದು ಕಾರಣ. ಇವನ ಮನಸ್ಸೇ ಇದು ನಿಜವಲ್ಲ ಅಂತ ಒಳಗಿನಿಂದ ಕೆರೆಯುತ್ತಿದೆ ಅನ್ನುವುದು ಇನ್ನೊಂದು, ನನಗೆ ಇದೇ ಸರಿ ಅನಿಸುತ್ತದೆ.

ಕೊನೆಗೆ ಅವನು ಮಗನ ಎದುರು ಮಂಡಿಯೂರಿ, ನೀನು ನಿಜ ಅಂತ ನನಗೆ ಅನಿಸುತ್ತಿಲ್ಲ ಅನ್ನುವ ಅರ್ಥದ ಮಾತು ಹೇಳುತ್ತಾನೆ. ಇಲ್ಲಿ ಬಿಲ್ ಆ ಹುಡುಗನ ಹೆಸರಿಗೆ ಬಂದಿದೆ. ಇಲ್ಲದೇ ಇರುವ ಮಗು ಅದು, ಆದರೂ ಅಪ್ಪ ಅಳುವುದು ನಿಜ. ಆ ಪುಟವನ್ನು ರಾತ್ರಿ ಊಟಕ್ಕೆ ಮುಂಚೆ ಓದಬೇಡಿ. ಇದೇ ಕಥೆಯ 2004ರ ಕಾರ್ಟೂನ್ ರೂಪ ‘ಜಸ್ಟಿಸ್ ಲೀಗ್ ಅನ್‌ಲಿಮಿಟೆಡ್’ ಸರಣಿಯಲ್ಲಿದೆ, ಆದರೆ ಮೊದಲು ಪುಸ್ತಕ.

ಹಂತ 7: ನಿಜಕ್ಕೂ ಬಿಟ್ಟವನು (1986)

ಕೊನೆ ಗೊತ್ತಾಗಬಾರದು ಅಂದರೆ ಈ ಹಂತ ಬಿಟ್ಟು ಮುಂದೆ ಹೋಗಿ.

‘ವಾಟೆವರ್ ಹ್ಯಾಪನ್ಡ್ ಟು ದ ಮ್ಯಾನ್ ಆಫ್ ಟುಮಾರೊ?’, ಎರಡು ಸಂಚಿಕೆಗಳ ಕಥೆ, ಸೆಪ್ಟೆಂಬರ್ 1986. ಬರಹ ಮೂರ್ ಅವರದೇ, ಚಿತ್ರ ಕರ್ಟ್ ಸ್ವಾನ್. ಸೂಪರ್‌ಮ್ಯಾನ್ ತನ್ನ ಕೊಲ್ಲದಿರುವ ವ್ರತ ಮುರಿಯುತ್ತಾನೆ. ಆಮೇಲೆ ತಾನಾಗಿಯೇ ಶಕ್ತಿ ಕಳೆದುಕೊಂಡು ಮಾಯವಾಗುತ್ತಾನೆ. ಹತ್ತು ವರ್ಷದ ನಂತರ ಗ್ಯಾರೇಜಿನಲ್ಲಿ ಕೆಲಸ ಮಾಡುವ ಒಬ್ಬ ಮೀಸೆಯವನು, ಹೆಂಡತಿ, ಪುಟ್ಟ ಮಗು. ಸೂಪರ್‌ಮ್ಯಾನ್ ಬಗ್ಗೆ ಮಾತು ಬಂದರೆ ಆ ಮೀಸೆಯವನಿಗೆ ಅಷ್ಟೇನೂ ಗೌರವ ಇಲ್ಲ. ಮಗುವಿನ ಕೈಯಲ್ಲಿ ಇದ್ದಿಲಿದೆ, ಅದನ್ನೇ ನೋಡುತ್ತಿರಿ.

ಇವನಿಗೆ ಮಾತ್ರ ಯಾಕೆ ಬಿಡುವು ಸಿಕ್ಕಿತು? ಪ್ರಕಾಶಕರು ಆಗ ಹಳೇ ಕಂಟಿನ್ಯೂಟಿ ಮುಚ್ಚಿ ಸೂಪರ್‌ಮ್ಯಾನ್ ಕಥೆಯನ್ನು ಮೊದಲಿನಿಂದ ಶುರು ಮಾಡುವುದರಲ್ಲಿದ್ದರು. ಅಂಗಡಿ ಬಾಗಿಲು ಹಾಕುವ ದಿನ ಕೆಲಸದವನಿಗೆ ರಜೆ ಸಿಕ್ಕ ಹಾಗೆ.

ಇದರ ತದ್ವಿರುದ್ಧ ಬೇಕಾ? 1987ರಲ್ಲಿ ಮದುವೆಯಾದ ಪೀಟರ್ ಮತ್ತು ಮೇರಿ ಜೇನ್‌ರ ಮದುವೆಯನ್ನು 2007ರಲ್ಲಿ ‘ಒನ್ ಮೋರ್ ಡೇ’ ಕಥೆಯಲ್ಲಿ ಅಳಿಸಿಹಾಕಿದರು. ದೊಡ್ಡಮ್ಮನ ಜೀವ ಉಳಿಸಲು ದೆವ್ವದ ಜತೆ ವ್ಯಾಪಾರ. ಹೊಸಬರು ಇದರಿಂದ ಮಾತ್ರ ಶುರು ಮಾಡಬೇಡಿ. ಮೇಲಿನದ್ದೆಲ್ಲ ಓದಿದ ಮೇಲೆ ಓದಿದರೆ ಸಿಟ್ಟಾದರೂ ಸರಿಯಾಗಿ ಬರುತ್ತದೆ.

ಮನೆಯಲ್ಲಿ ಮಕ್ಕಳಿದ್ದರೆ

‘ಕನ್ನಡದಲ್ಲಿ ಏನಾದ್ರೂ ಇದೆಯಾ?’ ಅನ್ನುವುದು ಎರಡನೇ ಕಾಯಂ ಪ್ರಶ್ನೆ. 2023ರ ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದ ಸ್ಪೈಡರ್‌ವರ್ಸ್’ ಅನಿಮೇಷನ್ ಚಿತ್ರ ನಮ್ಮಲ್ಲಿ ಹತ್ತು ಭಾಷೆಗಳಲ್ಲಿ ಬಿಡುಗಡೆಯಾಯಿತು, ಅದರಲ್ಲಿ ಕನ್ನಡವೂ ಒಂದು. ಮೈಲ್ಸ್ ಅನ್ನುವ ಹುಡುಗನಿಗೆ ಉಳಿದ ಸ್ಪೈಡರ್‌ಮ್ಯಾನ್‌ಗಳೆಲ್ಲ ಸೇರಿ ‘ನಿನ್ನ ಅಪ್ಪ ಸಾಯಲೇಬೇಕು, ನಮಗೆಲ್ಲ ಹಾಗೇ ಆಗಿದೆ’ ಅನ್ನುತ್ತಾರೆ. ಹುಡುಗ ‘ಆಗಲ್ಲ’ ಅನ್ನುತ್ತಾನೆ. 60 ವರ್ಷದಿಂದ ಯಾರೂ ಕೇಳದ ಪ್ರಶ್ನೆ: ತ್ಯಾಗ ಮಾಡಿದರೆ ಮಾತ್ರ ಹೀರೋನಾ? ಆದರೆ ಕಥೆ ನಡುವೆಯೇ ನಿಲ್ಲುತ್ತದೆ, ಮಕ್ಕಳಿಗೆ ಮೊದಲೇ ಹೇಳಿಬಿಡಿ. ಆನ್‌ಲೈನ್‌ನಲ್ಲಿ ನೋಡುವುದಾದರೆ ಆಡಿಯೊ ಪಟ್ಟಿಯಲ್ಲಿ ಕನ್ನಡ ಇದೆಯಾ ಅಂತ ದುಡ್ಡು ಕಟ್ಟುವ ಮುಂಚೆಯೇ ನೋಡಿಕೊಳ್ಳಿ.

ಇಷ್ಟಕ್ಕೆಲ್ಲ ಪುರುಸೊತ್ತಿಲ್ಲ, ಒಂದೇ ಸಂಜೆ ಸಿಗುತ್ತದೆ ಅನ್ನುವವರು 1ನೇ ಹಂತದ 11 ಪುಟ ಓದಿ ‘ಸ್ಪೈಡರ್‌ಮ್ಯಾನ್ 2’ ಹಾಕಿ. ಕೇಕ್ ದೃಶ್ಯ ಬಂದಾಗ ಫೋನ್ ಪಕ್ಕಕ್ಕಿಡಿ.